ನೆಲಕ್ಕೆ ಚೆಲ್ಲದ ಹಾಲು

"ಅಜ್ಜೀ, ಅಲಾ ಒದೀತಿದಾಳೆ!"

ಮೊಮ್ಮಗಳು ಸಯ್ಕಾಲ್ ಕೆಚ್ಚಲು ಮುಟ್ಟಿದ್ದಷ್ಟೇ, ಆಡು ಹಿಂಗಾಲು ಝಾಡಿಸಿತು. ಅಲಾ ಎಂದೂ ಹೀಗೆ ಮಾಡಿದವಳಲ್ಲ. ಹಾಲು ಕರೆಯುವಾಗ ಆಡುಗಳನ್ನೆಲ್ಲ ತಲೆಗೆ ತಲೆ ಸೇರಿಸಿ ಒಂದೇ ಹಗ್ಗಕ್ಕೆ ಕಟ್ಟಿದರೆ, ಅವಳು ಮೆಲುಕು ಹಾಕುತ್ತ ನಿದ್ದೆಗೇ ಜಾರುತ್ತಿದ್ದಳು.

ಇವತ್ತು ಅವಳ ಕೆಚ್ಚಲು ಕಲ್ಲಿನಂತೆ ಗಟ್ಟಿ. ಮುಟ್ಟಿದರೆ ಸುಡುತ್ತಿತ್ತು. ಹಿಂಡಿದರೆ ಹಳದಿ ನೀರು, ಅದರಲ್ಲಿ ಒಡೆದ ಹಾಲಿನಂಥ ಬಿಳಿ ಗರಣೆಗಳು.

ಹೋದ ವಾರ ಮುದಿ ಆಡು ಬೋಝ್‌ಗೂ ಹೀಗೇ ಆಗಿತ್ತು. ಅಲಾ ಸಯ್ಕಾಲ್‌ಳ ಸ್ವಂತ ಆಡು. ಮರಿಯಾಗಿದ್ದಾಗ ಬಾಟಲಿ ಹಾಲು ಕುಡಿಸಿ ಸಾಕಿದ್ದಳು.

ಪಶುವೈದ್ಯೆ ಗುಲ್ಜಿನಾ ಬಂದು ಇಂಜೆಕ್ಷನ್ ಕೊಟ್ಟರು.

"ಬೋಝ್‌ನ ಕೊನೇಲಿ ಕರೀರಿ ಅಂದಿದ್ನಲ್ಲ?"

"ಕೊನೇಲೇ ಕರೆದೆ," ಎಂದಳು ಸಯ್ಕಾಲ್.

"ಆ ಕೆಟ್ಟ ಹಾಲನ್ನ ಏನ್ಮಾಡ್ದೆ?"

"ಅಂಗೈಗೆ ಹಿಂಡಿ, ಬಟ್ಟೇಲಿ ಒರೆಸ್ಕೊಂಡೆ."

"ಯಾವ ಬಟ್ಟೆ?"

ಸಯ್ಕಾಲ್ ಕಂಬದ ಮೊಳೆಯತ್ತ ನೋಡಿದಳು. ಅಲ್ಲಿ ಒದ್ದೆ ಬಟ್ಟೆ ನೇತಾಡುತ್ತಿತ್ತು. ಮರುದಿನ ಬೆಳಿಗ್ಗೆ ಎಲ್ಲ ಆಡುಗಳ ಕೆಚ್ಚಲು ಒರೆಸುವುದೂ ಅದರಲ್ಲೇ. ಎಲ್ಲರಿಗಿಂತ ಮೊದಲು ಅಲಾಳದು.

"ಅಯ್ಯೋ ಹುಡುಗಿ! ದೂರ ಚೆಲ್ಲು ಅಂದ್ರೆ, ರೋಗಾನ ತಂದು ಇವಳಿಗೇ ಅಂಟಿಸಿದೀಯಲ್ಲೇ!"

"ಹಾಲು ನೆಲಕ್ಕೆ ಚೆಲ್ಲಬಾರದಲ್ವಾ?" ಸಯ್ಕಾಲ್ ಅಳು ನುಂಗಿಕೊಂಡು ಅಜ್ಜಿಯ ಕಡೆ ತಿರುಗಿದಳು. "ನೀನೇ ಹೇಳಿದ್ದಲ್ವಾ ಅಜ್ಜಿ?"

ಹಾಲು ಪವಿತ್ರ ಎಂದು ನಂಬಿ, ಮನೆಗೆ ಹಾವು ಬಂದರೂ ಅದರ ತಲೆಗೆ ಹಾಲು ಸುರಿದು ಮರ್ಯಾದೆಯಿಂದ ಕಳಿಸುವವಳು ಅಜ್ಜಿ. ಈಗ ಅವಳು ತಲೆ ತಗ್ಗಿಸಿ ಆ ಒದ್ದೆ ಬಟ್ಟೆಯನ್ನು ಮೊಳೆಯಿಂದ ತೆಗೆದಳು.

ಗುಲ್ಜಿನಾ ತಣ್ಣಗಾದರು. "ಮೊದಲ ಹಾಲನ್ನ ಕಪ್ಪು ಬಟ್ಟಲಿಗೆ ಹಿಂಡಿ ನೋಡಿ. ಗರಣೆ ಇದ್ರೆ ಅದರಲ್ಲಿ ಎದ್ದು ಕಾಣತ್ತೆ. ಆಮೇಲೆ ದೂರದ ಗುಂಡಿಗೆ ಚೆಲ್ಲಿ, ಸಾಬೂನು ಹಾಕಿ ಕೈ ತೊಳ್ಕೊಳ್ಳಿ."

ಅಲಾ ಬದುಕಿಕೊಂಡಳು. ಕೆಚ್ಚಲು ಮಾತ್ರ ಬತ್ತಿಹೋಯಿತು. ಅವಳ ಮರಿ ಗುದ್ದಿ ಗುದ್ದಿ ಚೀಪಿದರೂ ಒಂದು ತೊಟ್ಟು ಹಾಲು ಬರಲಿಲ್ಲ.

"ಹಾಲಿಲ್ಲದ ಆಡಿಗೆ ಚಳಿಗಾಲದ ಹುಲ್ಲು ಎಲ್ಲಿಂದ ತರ್ಲಿ ಮಗಳೇ?" ಎಂದ ಅಪ್ಪ. ಹಿಮ ಬೀಳುವ ಮೊದಲೇ ಅಲಾಳನ್ನು ನಾರಿನ್ ಪಟ್ಟಣದ ಸಂತೆಗೆ ಕರೆದೊಯ್ದ. ಸಂತೆಯಲ್ಲಿ ಅಂಥ ಆಡುಗಳನ್ನು ಕೊಳ್ಳುವವರು ಕಟುಕರೇ. ಸಯ್ಕಾಲ್ ಬಾಗಿಲಿಗೆ ಬರಲೇ ಇಲ್ಲ. ಕಂಬಳಿಯೊಳಗೆ ಮುಖ ಹುದುಗಿಸಿ ಅತ್ತಳು.

ಸಂಜೆ ಹಗ್ಗದ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಅಜ್ಜಿ ಮೊದಲ ಹಾಲನ್ನು ಕಪ್ಪು ಬಟ್ಟಲಿಗೆ ಹಿಂಡಿ ಗುಂಡಿಯ ಹತ್ತಿರ ನಿಂತಳು. ನಿಂತೇ ಇದ್ದಳು.

"ಕೊಡಜ್ಜಿ, ನಾನು ಚೆಲ್ತೀನಿ."

ಸಯ್ಕಾಲ್ ಬಟ್ಟಲು ಬಗ್ಗಿಸಿದಳು. ಹಾಲು ಬೀಳುತ್ತಿದ್ದಂತೆ ಅಜ್ಜಿಯ ಅಂಗೈ ತಾನಾಗಿಯೇ ಮುಂದೆ ಬಂದು ಅದರ ಕೆಳಗೆ ಚಾಚಿಕೊಂಡಿತು. ಅಂದು ಬೋಝ್‌ನ ಕೆಚ್ಚಲಿನ ಕೆಳಗೆ ಸಯ್ಕಾಲ್‌ಳ ಕೈಯೂ ಹೀಗೇ ಚಾಚಿತ್ತು.

ಅಜ್ಜಿ ತನ್ನ ಒದ್ದೆ ಕೈಯನ್ನೇ ನೋಡುತ್ತ ನಿಂತಳು. ಕೊಟ್ಟಿಗೆಯಲ್ಲಿ ಅಲಾಳ ಮರಿ ಕೂಗುತ್ತಲೇ ಇತ್ತು.

ಸಯ್ಕಾಲ್ ಅಜ್ಜಿಯ ಕೈ ಹಿಡಿದು ಬಕೆಟ್ಟಿನ ಬಳಿಗೆ ಕರೆತಂದು, ಸಾಬೂನು ಹಚ್ಚಿ ನಿಧಾನವಾಗಿ ತೊಳೆದಳು.