ಅದಲುಬದಲಾದ ರೆಕ್ಕೆಗಳು

"ಆ ಮನೆ ಮೇಲೆ ಯಾರ ಡ್ರೋನೂ ನಿಲ್ಲಲ್ಲ ಸರ್, ಬಿದ್ದುಹೋಗುತ್ತೆ," ಎಂದ ಬ್ರೋಕರ್.

"ಇದು ನಾನೇ ಕೈಯಾರೆ ಮಾಡಿದ್ದು ಕಣ್ರೀ. ಹೇಗೆ ಬೀಳುತ್ತೋ ನೋಡೇಬಿಡ್ತೀನಿ," ಎಂದು ಹಾರಿಸಿದೆ.

ಮಾರಾಟಕ್ಕಿದ್ದ ಆ ಖಾಲಿ ಮನೆಯ ಮೇಲೆ ಅದು ಹತ್ತು ನಿಮಿಷ ಅಲುಗಾಡದೆ ನಿಂತು ಫೋಟೊ ತೆಗೆಯಿತು. ಸದ್ದು ಮಾತ್ರ ಇರಲಿಲ್ಲ. ಇಳಿದಾಗ, ಮಟಮಟ ಮಧ್ಯಾಹ್ನದಲ್ಲೂ, ಮೋಟಾರುಗಳು ಕೊರೆಯುವಷ್ಟು ತಣ್ಣಗಿದ್ದವು.

ಮನೆಯಲ್ಲಿ ಬಿಚ್ಚುವಾಗ ನನ್ನ ತಪ್ಪು ಕಂಡಿತು. ಎಡಕ್ಕೆ ತಿರುಗುವ ರೆಕ್ಕೆಯೊಂದನ್ನೂ ಬಲಕ್ಕೆ ತಿರುಗುವುದೊಂದನ್ನೂ ಅದಲುಬದಲು ಹಾಕಿದ್ದೆ. ಹಾಗಿದ್ದರೆ ಡ್ರೋನ್ ಏಳುವ ಮೊದಲೇ ಮಗುಚಿಕೊಳ್ಳುತ್ತದೆ. ನಮ್ಮ ತಾರಸಿಯಲ್ಲಿ ಹಾಗೇ ಐದು ಸಲ ಹಾರಿಸಲು ನೋಡಿದೆ. ಐದು ಸಲವೂ ಮಗುಚಿತು.

"ರೆಕ್ಕೆ ಸರಿ ಮಾಡ್ಕೊಳ್ಳಿ, ಆ ಕಡೆ ತಲೆ ಹಾಕ್ಬೇಡಿ," ಎಂದಳು ಹೆಂಡತಿ.

ಹೆದರಿ ರೆಕ್ಕೆ ಬದಲಿಸುವ ಜಾಯಮಾನ ನನ್ನದಲ್ಲ. ಮರುದಿನ ಹಾಗೇ ಒಯ್ದು ಆ ಮನೆಯೆದುರು ಇಟ್ಟೆ.

ಅದು ಸದ್ದಿಲ್ಲದೆ ಮೇಲೇರಿತು. ರಿಮೋಟ್ ಇನ್ನೂ ನನ್ನ ಚೀಲದಲ್ಲೇ ಇತ್ತು.