ಬಿಳಿಸೀರೆ ತಿರುವು

ತಬಸುಮಳನ್ನು ಮೊದಲು ಕಂಡವನು ಲಾರಿ ಚಾಲಕ ಅಫ್ಜಲ. ಆಂಬುಲೆನ್ಸಿಗೆ ಫೋನ್ ಮಾಡಿದವನೂ ಅವನೇ. ಆಗ ಬೆಳಿಗ್ಗೆ ಆರು ಇಪ್ಪತ್ತೈದು. ಏಳು ಗಂಟೆಯ ಹೊತ್ತಿಗೆ ಸೇರಿದ ಜನ ಅವನನ್ನೇ ಹಿಡಿದು ಬಡಿಯುತ್ತಿದ್ದರು.

ಹುನಗುಂದದಿಂದ ಬಂದ ಪಿಎಸ್‌ಐ ಶೀಲಾ ಜೀಪಿನಿಂದ ಇಳಿದವಳೇ ಮೊದಲು ಅವನನ್ನು ಬಿಡಿಸಿದಳು. ಅವನ ತುಟಿ ಒಡೆದಿತ್ತು. ಕಲ್ಲು ತುಂಬಿದ ಅವನ ಲಾರಿ ರಸ್ತೆ ಪಕ್ಕದ ತಗ್ಗಿನಲ್ಲಿ ಮೂಗು ಊರಿ ನಿಂತಿತ್ತು.

ಇಳಕಲ್ಲಿನಿಂದ ಹುನಗುಂದಕ್ಕೆ ಎರಡು ದಾರಿ. ಒಂದು ಹೆದ್ದಾರಿ. ಇನ್ನೊಂದು ಕಲ್ಲಿನ ಕ್ವಾರಿಗಳ ನಡುವೆ ಹಾದು ಬರುವ ಹಳೆಯ ರಸ್ತೆ. ಈ ಹಳೆಯ ರಸ್ತೆಯ ಒಂದು ತಿರುವಿಗೆ ಜನ ಬಿಳಿಸೀರೆ ತಿರುವು ಎಂದು ಹೆಸರಿಟ್ಟಿದ್ದರು. ನಸುಕಿನಲ್ಲಿ ಅಲ್ಲಿ ಬಿಳಿ ಸೀರೆಯ ಹೆಂಗಸೊಬ್ಬಳು ಎದ್ದು ನಿಲ್ಲುತ್ತಾಳೆ ಎಂಬ ಮಾತಿತ್ತು. ಹನ್ನೊಂದು ತಿಂಗಳಲ್ಲಿ ಆರು ಜನ ಅಲ್ಲಿ ಸತ್ತಿದ್ದರು. ಇಪ್ಪತ್ತಾರು ವರ್ಷದ ಶಾಲಾ ಶಿಕ್ಷಕಿ ತಬಸುಮ ಏಳನೆಯವಳು.

ಶೀಲಾ ಬರುವಷ್ಟರಲ್ಲಿ ಆಂಬುಲೆನ್ಸ್ ಹೋಗಿಬಿಟ್ಟಿತ್ತು. ರಸ್ತೆಯನ್ನು ತೊಳೆದೂ ಆಗಿತ್ತು. ತೊಳೆದವನು ನೀರಿನ ಟ್ಯಾಂಕರ್ ಮಾಲೀಕ ಶ್ರೀಶೈಲ. ಐವತ್ತರ ಆಸುಪಾಸು, ಹಣೆಯ ತುಂಬ ವಿಭೂತಿ. ಬೇಸಿಗೆಯಲ್ಲಿ ಸುತ್ತಲಿನ ಮೂರು ಹಳ್ಳಿಗಳಿಗೆ ಪುಕ್ಕಟೆ ನೀರು ಕೊಡುವ ಮನುಷ್ಯ. ಈ ತಿರುವಿನಲ್ಲಿ ಯಾರೇ ಬಿದ್ದರೂ ಎತ್ತಲು ಮೊದಲು ಬರುವವನು, ನಂತರ ರಕ್ತ ತೊಳೆಯುವವನು ಅವನೇ. ತಿರುವಿನ ಪಕ್ಕದ ಜಾಲಿ ಗಿಡಕ್ಕೆ ಬಳೆ, ಅರಿಶಿನ ಕಟ್ಟಿ ಬಿಳಿ ಸೀರೆಯವಳ ಶಾಂತಿ ಮಾಡಿಸಿದವನೂ ಅವನೇ.

ಸ್ಥಳವನ್ನು ಮುಟ್ಟಬಾರದಿತ್ತು ಎಂದು ಶೀಲಾ ಹೇಳಿದಾಗ ಅವನು ಕೈ ಜೋಡಿಸಿದ.

"ತಪ್ಪಾತ್ರಿ ಮೇಡಂ. ಸುದ್ದಿ ತಿಳದ ಕೂಡ್ಲೆ ಮನ್ಯಾಗಿಂದ ಟ್ಯಾಂಕರ್ ತುಂಬ್ಕೊಂಡ್ ಬಂದೆ. ಸಾಲಿ ಹುಡುಗ್ರು ಇದಽ ದಾರಿಲೆ ಹೋಗ್ತಾವು. ರಗತ ಹಂಗಽ ಬಿಡಾಕ ಮನಸ ಬರಲಿಲ್ಲ."

ಜನ ತಲೆಯಾಡಿಸಿದರು. ತಬಸುಮಳ ಸ್ಕೂಟಿ ರಸ್ತೆ ಅಂಚಿನ ಕಲ್ಲಿಗೆ ಬಡಿದು ಬಿದ್ದಿತ್ತು. ಅಲ್ಲಿಂದ ಶೀಲಾ ಇಳಕಲ್ಲಿನ ಕಡೆಗೆ ಹೆಜ್ಜೆ ಎಣಿಸುತ್ತ ನಡೆದಳು. ನೂರಾ ಹತ್ತು ಹೆಜ್ಜೆಯವರೆಗೂ ಡಾಂಬರು ಒದ್ದೆಯಾಗಿತ್ತು. ರಕ್ತ ಬಿದ್ದದ್ದು ಕಲ್ಲಿನ ಬುಡದಲ್ಲಿ ಮಾತ್ರ.

* * *

ದವಾಖಾನೆಯ ಹೊರಗೆ ತಬಸುಮಳ ತಂದೆ ಅಮೀನಸಾಬ ಕುಳಿತಿದ್ದ. ಸೀರೆ ನೇಯುವ ಕೆಲಸ. ಅವನು ಅಳುತ್ತಿರಲಿಲ್ಲ. ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು ನೆಲ ನೋಡುತ್ತಿದ್ದ.

"ನನ್ನ ಮಗಳು ಜೋರ ಗಾಡಿ ಹೊಡಿಯಾಕಿ ಅಲ್ರಿ" ಎಂದ. "ಅದೊಂದ ಬರ್ಕೋರಿ."

ಪರೀಕ್ಷೆ ಹತ್ತಿರ ಬಂದಿದ್ದರಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಏಳು ಗಂಟೆಗೇ ವಿಶೇಷ ತರಗತಿ ಇಟ್ಟಿದ್ದಳಂತೆ. ಶಾಲೆ ಇದ್ದದ್ದು ಹಳೆಯ ರಸ್ತೆಯ ಹಳ್ಳಿಯಲ್ಲೇ. ಮೂರು ವರ್ಷದಿಂದ ದಿನಾ ಅದೇ ದಾರಿ.

ನರ್ಸು ತಬಸುಮಳ ಬಟ್ಟೆಯ ಗಂಟನ್ನು ಶೀಲಾಳ ಮುಂದಿಟ್ಟಳು. ಕುರ್ತಾದ ಮುಂಭಾಗದಲ್ಲಿ ರಕ್ತ. ಬೆನ್ನಿನ ಭಾಗದಲ್ಲಿ ರಕ್ತವಿರಲಿಲ್ಲ, ಆದರೆ ತೊಯ್ದಿತ್ತು. ಹಿಂಡಿದರೆ ನೀರು ಇಳಿಯುವಷ್ಟು. ಆ ಒದ್ದೆಗೆ ಬಿಳಿಯ ರಾಡಿ ಮೆತ್ತಿಕೊಂಡಿತ್ತು. ಶೀಲಾ ಬೆರಳಲ್ಲಿ ತಿಕ್ಕಿ ನೋಡಿದಳು. ಅತಿ ನುಣುಪು. ಬೆರಳು ಜಾರುತ್ತಿತ್ತು.

ಆಂಬುಲೆನ್ಸಿನವರನ್ನು ಕೇಳಿದಳು. ಶವ ಎತ್ತಿದ ಮೇಲೆಯೇ ಶ್ರೀಶೈಲ ನೀರು ಬಿಟ್ಟನೆಂದು ಇಬ್ಬರೂ ಹೇಳಿದರು. ಮಳೆ ಬಂದು ನಾಲ್ಕು ತಿಂಗಳಾಗಿತ್ತು.

* * *

ಊರೆಲ್ಲ ಅಫ್ಜಲನ ಮೇಲೆ ಬೆರಳು ತೋರಿಸುತ್ತಿತ್ತು. ಕುಡಿದಿದ್ದಾನೆ ಎಂದರು. ತಪಾಸಣೆಯಲ್ಲಿ ಕುಡಿದಿಲ್ಲವೆಂದು ಬಂತು. ಲಾರಿಯೇ ಗುದ್ದಿದೆ ಎಂದರು. ಲಾರಿಯ ಮುಂಭಾಗದಲ್ಲಿ ಒಂದು ಗೀರೂ ಇರಲಿಲ್ಲ. ರಸ್ತೆ ಅಂಚಿನ ಮಣ್ಣಿನಲ್ಲಿ ಸ್ಕೂಟಿ ಉಜ್ಜಿಕೊಂಡು ಹೋದ ಗೆರೆ ಇತ್ತು. ಲಾರಿ ಗಾಲಿಯ ಗುರುತು ಅದರ ಮೇಲೆ ಬಿದ್ದಿತ್ತು. ಎಂದರೆ ಸ್ಕೂಟಿ ಮೊದಲು ಬಿದ್ದಿದೆ, ಲಾರಿ ಆಮೇಲೆ ಬಂದಿದೆ.

ಅಫ್ಜಲ ಠಾಣೆಯ ಬೆಂಚಿನ ಮೇಲೆ ಕುಳಿತು ನಡೆದದ್ದನ್ನು ಹೇಳಿದ. ತಿರುವಿಗೆ ಬರುವಾಗ ಎದುರಿಗೆ ಬಿಳಿಯದೇನೋ ಎದ್ದು ನಿಂತಿತಂತೆ. ಅದರ ಹಿಂದೆ ರಸ್ತೆಯಲ್ಲಿ ಹುಡುಗಿ ಕಂಡಳಂತೆ. ಬ್ರೇಕ್ ಒತ್ತಿದ.

"ಸ್ಟೇರಿಂಗ್ ಮಾತ ಕೇಳಲಿಲ್ರಿ. ಎಣ್ಣಿ ಮ್ಯಾಲೆ ಹೋದಂಗ ಹೋತು ಗಾಡಿ. ನಾ ಬಂದಾಗ್ಲೇ ರೋಡ್ ಹಸಿ ಇತ್ರಿ ಮೇಡಂ. ಯಾರೂ ನಂಬವಲ್ರು."

"ನಾ ನಂಬ್ತೇನಿ" ಎಂದಳು ಶೀಲಾ.

ಹೆಡ್ ಕಾನ್‌ಸ್ಟೇಬಲ್ ನಾಗಲಿಂಗ ಹಳೆಯ ಫೈಲುಗಳನ್ನು ತಂದಿಟ್ಟ. ಅವನು ಅದೇ ಸೀಮೆಯವನು. ಆ ತಿರುವಿನಲ್ಲಿ ಜೀಪಿನ ಗಾಜು ಏರಿಸುವವನು. ಆರು ಸಾವುಗಳಲ್ಲಿ ಒಂದು ಕುಡಿದು ಬಿದ್ದದ್ದು, ಅದೂ ಸಂಜೆ. ಉಳಿದ ಐದೂ ಬೆಳಗಿನ ಜಾವದವು. ತಾರೀಖುಗಳನ್ನು ಶೀಲಾ ಒಂದೊಂದಾಗಿ ಓದಿದಳು. ಅವಳಿಗೆ ಏನೂ ಹೊಳೆಯಲಿಲ್ಲ. ನಾಗಲಿಂಗ ಗೋಡೆಯ ಮೇಲಿನ ಹೋದ ವರ್ಷದ, ಈ ವರ್ಷದ ಕ್ಯಾಲೆಂಡರ್‌ಗಳನ್ನು ನೋಡುತ್ತ ನಿಂತಿದ್ದ.

"ಐದೂ ಅಮಾಸಿ ಮರುದಿನ ಅದಾವ್ರಿ ಮೇಡಂ. ಈ ಹುಡುಗಿದೂ ಅಷ್ಟಽ. ನಿನ್ನೆ ಶಿವರಾತ್ರಿ ಅಮಾಸಿ." ಅವನ ದನಿ ಇಳಿದಿತ್ತು. "ಅದಕ್ಕಽ ಹೇಳೋದ್ರಿ. ಅದು ನಮ್ಮ ಕೈಯಾಗಿನ ಕೇಸ್ ಅಲ್ಲ."

ಶೀಲಾ ಎದ್ದು ಎರಡೂ ಕ್ಯಾಲೆಂಡರ್‌ಗಳಲ್ಲಿ ಆ ತಾರೀಖುಗಳನ್ನು ತಾನೇ ಹುಡುಕಿದಳು.

* * *

ಮರುದಿನ ಮಧ್ಯಾಹ್ನ ಅವಳು ರಸ್ತೆಗಳ ಎಂಜಿನಿಯರ್ ಪದ್ಮಶ್ರೀಯನ್ನು ಕರೆದುಕೊಂಡು ಹೋದಳು. ಪದ್ಮಶ್ರೀ ತಿರುವನ್ನು ಅಳೆದಳು. ಎರಡು ಕಿಲೋಮೀಟರ್ ಮುಂದಿನ ಇನ್ನೊಂದು ತಿರುವನ್ನೂ ಅಳೆದಳು. ಅದು ಇದಕ್ಕಿಂತ ಬಹಳ ಕಡಿದು. ಅಲ್ಲಿ ಹತ್ತು ವರ್ಷದಲ್ಲಿ ಒಬ್ಬರೂ ಸತ್ತಿರಲಿಲ್ಲ.

ಕಡಿದಾದ ತಿರುವು ದೂರದಿಂದಲೇ ಹೆದರಿಸುತ್ತದೆ, ಸವಾರ ತಾನಾಗಿ ನಿಧಾನಿಸುತ್ತಾನೆ ಎಂದು ಪದ್ಮಶ್ರೀ ವಿವರಿಸಿದಳು. ಇದು ಹಾಗಲ್ಲ. ಇದು ಕಣ್ಣಿಗೆ ನೆಟ್ಟಗೆ ಕಾಣುತ್ತ ಬಂದು ಕೊನೆಗೆ ಹೊರಳುತ್ತದೆ. ಯಾರೂ ವೇಗ ಇಳಿಸುವುದಿಲ್ಲ. ಗಾಲಿಗೆ ಹಿಡಿತ ಇರುವತನಕ ಅದರಿಂದ ತೊಂದರೆಯಿಲ್ಲ. ಹಿಡಿತ ತಪ್ಪಿದರೆ ತಿದ್ದಿಕೊಳ್ಳಲು ಜಾಗವಿಲ್ಲ.

"ಆದ್ರ ಈ ತಿರುವು ಇಪ್ಪತ್ತು ವರ್ಷದ್ದು" ಎಂದಳು ಪದ್ಮಶ್ರೀ. "ಸಾವು ಹನ್ನೊಂದು ತಿಂಗಳದು. ತಿರುವು ಬದಲಾಗಿಲ್ಲ. ಮತ್ತೇನೋ ಬದಲಾಗೇತಿ."

ಅಷ್ಟರಲ್ಲಿ ಒಂದು ಲಾರಿ ಭರ್ರನೆ ಹಾದುಹೋಯಿತು. ಅದರ ಗಾಳಿಗೆ ರಸ್ತೆಯ ಅಂಚಿನಿಂದ ಬಿಳಿಯ ಧೂಳು ಎದ್ದಿತು. ಚದುರಲಿಲ್ಲ. ಆಳೆತ್ತರಕ್ಕೆ ಏರಿ, ನಡುವಿನಲ್ಲಿ ಸಣ್ಣಗಾಗಿ, ಸೆರಗು ಹಾರಿದ ಹಾಗೆ ಒಂದು ಪಕ್ಕಕ್ಕೆ ತೂಗಿತು. ನಾಗಲಿಂಗ ಎರಡು ಹೆಜ್ಜೆ ಹಿಂದೆ ಸರಿದ. ನಡು ಮಧ್ಯಾಹ್ನದ ಬಿಸಿಲಿನಲ್ಲಿ, ಅದು ಧೂಳೆಂದು ಗೊತ್ತಿದ್ದೂ, ಶೀಲಾ ಉಸಿರು ಹಿಡಿದಿದ್ದಳು. ಅದು ಮೆಲ್ಲನೆ ಕುಸಿದು ನೆಲಕ್ಕೆ ಸೇರಿತು.

ಪದ್ಮಶ್ರೀ ಆ ಧೂಳನ್ನು ಅಂಗೈಗೆ ತೆಗೆದುಕೊಂಡು ಬಾಟಲಿಯ ನೀರು ಹನಿಸಿದಳು. ಸಾಬೂನಿನಂತಾಯಿತು.

ಕಲ್ಲಿಗೆ ಪಾಲಿಶ್ ಹಿಡಿಯುವಾಗ ಬರುವ ರಾಡಿ ಅದು. ಇಳಕಲ್ಲಿನ ಕಾರ್ಖಾನೆಗಳಲ್ಲಿ ಹೊಂಡ ತುಂಬ ಇರುತ್ತದೆ. ಇಲ್ಲಿ ಇರುವ ಕಾರಣವಿರಲಿಲ್ಲ. ರಸ್ತೆಯ ಪಕ್ಕದಿಂದ ಒಂದು ಗಾಡಿದಾರಿ ಒಳಗೆ ಹೋಗಿತ್ತು. ಅದರ ಕೊನೆಯಲ್ಲಿ ಪಾಳುಬಿದ್ದ ಕ್ವಾರಿಯ ಹೊಂಡ. ಹೊಂಡ ಅಂಚಿನವರೆಗೆ ಬೆಳ್ಳಗೆ ತುಂಬಿ ಒಣಗಿ ಬಿರಿದಿತ್ತು.

ಶೀಲಾ ನಾಗಲಿಂಗನ ಕಡೆ ತಿರುಗಿದಳು.

"ಅಮಾಸಿಗೆ ಸತ್ತವರು ಏನ್ ಮಾಡ್ತಾರ ಅನ್ನೋದ ಬಿಡ್ರಿ. ಬದುಕಿದ್ದವರು ಏನ್ ಮಾಡ್ತಾರ?"

ನಾಗಲಿಂಗ ಬಹಳ ಹೊತ್ತು ಯೋಚಿಸಲಿಲ್ಲ. "ಮಷಿನ್ ಬಂದ್ ಇಡ್ತಾರ್ರಿ. ತೊಳದು ಪೂಜಿ ಮಾಡ್ತಾರ."

* * *

ಒಂದು ಪಾಲಿಶ್ ಕಾರ್ಖಾನೆಯಲ್ಲಿ ಉತ್ತರ ಸಿಕ್ಕಿತು. ಅಮಾವಾಸ್ಯೆಗೆ ಯಂತ್ರ ನಿಲ್ಲಿಸಿ ರಾಡಿಯ ಹೊಂಡ ಖಾಲಿ ಮಾಡಿಸುತ್ತಿದ್ದರು. ಅದನ್ನು ಒಯ್ಯುವ ಗುತ್ತಿಗೆ ಹಿಡಿದವನಿಗೆ ಎರಡು ಟ್ಯಾಂಕರ್ ಇದ್ದವು. ಒಂದು ರಾಡಿಗೆ, ಒಂದು ನೀರಿಗೆ. ರಾಡಿ ಸುರಿಯಲು ಗೊತ್ತುಮಾಡಿದ ಜಾಗ ಇಪ್ಪತ್ತೆರಡು ಕಿಲೋಮೀಟರ್ ದೂರ. ಅಲ್ಲಿನ ಕಾವಲುಗಾರ್ತಿ ಕಾಸಿಂಬಿ ಆ ಗಾಡಿಯನ್ನು ಚೆನ್ನಾಗಿ ಬಲ್ಲಳು. ಹೋದ ಯುಗಾದಿಯಿಂದ ಅದು ಅತ್ತ ಸುಳಿದೇ ಇಲ್ಲ ಎಂದಳು.

ಗುತ್ತಿಗೆದಾರನ ಹೆಸರು ಕೇಳಿ ನಾಗಲಿಂಗ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತುಬಿಟ್ಟ. ಅವನ ತಂಗಿಯ ಮಗನನ್ನು ಹೋದ ದೀಪಾವಳಿ ಅಮಾವಾಸ್ಯೆಯ ಮರುದಿನ ಅದೇ ತಿರುವಿನಿಂದ ಎತ್ತಿ ತಂದವನು ಆ ಮನುಷ್ಯನೇ. ಹುಡುಗ ದಾರಿಯಲ್ಲೇ ಸತ್ತಿದ್ದ.

* * *

ಐದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಜಾಲಿ ಗಿಡದ ಹತ್ತಿರ ಜನ ಸೇರಿದ್ದರು. ಶ್ರೀಶೈಲ ಮತ್ತೊಮ್ಮೆ ಶಾಂತಿ ಮಾಡಿಸುತ್ತಿದ್ದ. ಅಮೀನಸಾಬನನ್ನು ಶೀಲಾಳೇ ಕರೆತಂದಿದ್ದಳು.

ನಾಗಲಿಂಗ ರಸ್ತೆಯ ಮೇಲೆ ಎರಡು ಕಡೆ ಬಿಂದಿಗೆಗಟ್ಟಲೆ ನೀರು ಸುರಿದ. ಒಂದು ಗಾಡಿದಾರಿ ಕೂಡುವಲ್ಲಿ, ಅಡ್ಡಗಲಕ್ಕೆ. ಇನ್ನೊಂದು ಅದರಿಂದ ಮುನ್ನೂರು ಹೆಜ್ಜೆ ಹಿಂದೆ. ಒದ್ದೆಯಾದ ಡಾಂಬರು ಎರಡೂ ಕಡೆ ಒಂದೇ ಬಣ್ಣಕ್ಕೆ ಕಪ್ಪಾಗಿ ಹೊಳೆಯಿತು.

ಶೀಲಾ ಶ್ರೀಶೈಲನನ್ನು ಕರೆದು, ಆ ಬೆಳಿಗ್ಗೆ ಏನೇನು ಕಂಡಿರೋ ನಡೆಯುತ್ತ ಹೇಳಿ ಎಂದಳು. ಅವನು ಒಪ್ಪಿ ಹೊರಟ. ಹಿಂದಿನ ಒದ್ದೆಯ ಮೇಲೆ ಚಪ್ಪಲಿಯಲ್ಲೇ ಧೈರ್ಯವಾಗಿ ನಡೆದ. ಮಾತು ನಡೆದೇ ಇತ್ತು. ಗಾಡಿದಾರಿ ಕೂಡುವಲ್ಲಿನ ಒದ್ದೆಯ ಹತ್ತಿರ ಬಂದ ಕೂಡಲೇ ಅವನ ಕಾಲು ತಾನಾಗಿ ಡಾಂಬರು ಬಿಟ್ಟು ಮಣ್ಣಿಗೆ ಇಳಿಯಿತು. ಸುತ್ತು ಹಾಕಿ ಆಚೆ ಬಂದ.

ಹಿಂದೆ ಬರುತ್ತಿದ್ದ ನಾಗಲಿಂಗ ನೆಟ್ಟಗೆ ಕಾಲಿಟ್ಟ. ಕಾಲು ಹಾರಿ ದಡ್ಡನೆ ಬಿದ್ದ.

ಯಾರೂ ನಗಲಿಲ್ಲ.

"ಎರಡೂ ಒಂದಽ ಥರ ಕಾಣ್ತಾವು ಶ್ರೀಶೈಲಣ್ಣ" ಎಂದಳು ಶೀಲಾ. "ಇಲ್ಲಿ ಕಾಲ ಇಡಬಾರದು ಅಂತ ನಿಮಗ ಹೆಂಗ ಗೊತ್ತಾತು?"

ಶ್ರೀಶೈಲ ತನ್ನ ಕಾಲ ಕೆಳಗಿನ ಮಣ್ಣು ನೋಡಿದ. ತಲೆ ಎತ್ತಿದಾಗ ಹಣೆಯ ಮೇಲೆ ಬೆವರು ಒಡೆದು ವಿಭೂತಿ ಕರಗುತ್ತಿತ್ತು.

ಶೀಲಾ ಎಲ್ಲರಿಗೂ ಕೇಳುವಂತೆ ಹೇಳಿದಳು. ದೂರ ಹೋಗುವ ಬೇಸರಕ್ಕೆ ಅವನು ರಾಡಿಯನ್ನು ಈ ಪಾಳು ಹೊಂಡಕ್ಕೆ ತರತೊಡಗಿದ. ಹೊಂಡ ತುಂಬಿದ ಮೇಲೆ, ನಿಂತರೆ ಯಾರಾದರೂ ನೋಡುತ್ತಾರೆಂದು, ಗಾಡಿ ಓಡಿಸುತ್ತಲೇ ತೂಬು ಬಿಟ್ಟು ರಸ್ತೆಯ ಅಂಚಿಗೆ ಚೆಲ್ಲಿದ. ನೂರು ಹೆಜ್ಜೆಯಷ್ಟು ರಸ್ತೆಗೂ ಹರಿಯಿತು. ಒಣಗಿ ಧೂಳಾಗಿ ಎದ್ದದ್ದನ್ನು ಕಂಡು ಯಾರೋ ಹೆದರಿದರು. ಬಿಳಿ ಸೀರೆ ಎಂಬ ಮಾತನ್ನು ನಿನಗೆ ಯಾರು ಹೇಳಿದರು ಎಂದು ಅವಳು ಒಬ್ಬೊಬ್ಬರನ್ನೂ ಕೇಳಿದ್ದಳು. ಎಲ್ಲ ದಾರಿಯೂ ಶ್ರೀಶೈಲನ ಬಾಯಿಗೇ ಹೋಗಿ ನಿಂತಿತ್ತು. ಹೆದರಿದವರು ಆ ಜಾಗದಲ್ಲಿ ಗಾಡಿ ನಿಲ್ಲಿಸುವುದಿಲ್ಲ, ಹೊಂಡದ ಕಡೆ ನೋಡುವುದಿಲ್ಲ. ಇನ್ನೂ ಜೋರಾಗಿ ಹೋಗುತ್ತಾರೆ.

"ಸುದ್ದಿ ತಿಳಿದ ಮ್ಯಾಲೆ ಮನ್ಯಾಗಿಂದ ತುಂಬ್ಕೊಂಡ್ ಬಂದೆ ಅಂದ್ರಿ. ನಿಮ್ಮ ಟ್ಯಾಂಕರ್ ತುಂಬಾಕ ಅರ್ಧ ತಾಸ ಬೇಕು. ಅಫ್ಜಲ ಫೋನ್ ಮಾಡಿ ಹತ್ತು ನಿಮಿಷಕ್ಕ ನೀವಿಲ್ಲಿ ಇದ್ರಿ. ಹುಡುಗಿ ಬೆನ್ನಿನ ಅರಿಬಿ ತೊಯ್ದಿತ್ತು. ಆಕಿ ಬೀಳೂ ಮೊದ್ಲಽ ನೀರ ಬಿದ್ದಿತ್ತು."

ಶ್ರೀಶೈಲ ಆಗ ಬಾಯಿ ಬಿಟ್ಟ. ಅವನು ನೋಡಿದ್ದು ಶೀಲಾಳನ್ನಲ್ಲ, ಅಮೀನಸಾಬನನ್ನು.

"ಮೊದಲನೇ ಸಾವಾದಾಗ ನನ್ನಿಂದ ಅಲ್ಲ ಅಂದ್ಕೊಂಡೆ. ಎರಡನೇದಕ್ಕ ಗೊತ್ತಾತು. ಅವತ್ತಿಂದ ರಾಡಿ ಚೆಲ್ಲಿದ ಮರುದಿನ ನಸುಕಿನ್ಯಾಗ ಬಂದು ತೊಳೀತಿದ್ದೆ. ಯಾರೂ ಬೀಳಬಾರದಂತ ತೊಳೀತಿದ್ದೆ ಸಾಹೇಬ್ರ."

"ಚೆಲ್ಲೋದ ಬಿಡಲಿಲ್ಲ" ಎಂದಳು ಶೀಲಾ.

"ಬಿಟ್ಟು, ಸಾವು ನಿಂತ್ರ, ಖರೇನಽ ನಾನಽ ಕೊಂದಂಗ ಆಗ್ತಿತ್ತಲ್ರಿ."

ಜನರ ನಡುವೆ ನಿಂತಿದ್ದ ಎಂಜಿನಿಯರ್ ಪದ್ಮಶ್ರೀ ಮುಂದೆ ಬಂದು ಹೇಳಿದಳು. ರಾಡಿ ಒಣಗಿದ್ದರೆ ಗಾಲಿ ಅಷ್ಟು ಜಾರುವುದಿಲ್ಲ. ಒಂದು ಟ್ಯಾಂಕರ್ ನೀರಿಗೆ ಅದು ಕೊಚ್ಚಿ ಹೋಗುವುದೂ ಇಲ್ಲ. ನೆನೆದಾಗಲೇ ಅದು ಸಾಬೂನು. ಮೊದಲ ಇಬ್ಬರು ಇನ್ನೂ ಆರದ ರಾಡಿಗೆ ಬಿದ್ದರು; ಆಮೇಲಿನವರು ಅವನು ತೊಳೆದ ಬೆಳಗುಗಳಲ್ಲೇ ಸತ್ತಿದ್ದಾರೆ.

ಶ್ರೀಶೈಲನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ರಸ್ತೆಯ ಅಂಚಿಗೆ ಕುಸಿದು ಕುಳಿತ. ಬಟ್ಟೆಗೆಲ್ಲ ರಾಡಿ ಹತ್ತಿದ್ದ ನಾಗಲಿಂಗನೇ ಹೋಗಿ ಅವನನ್ನು ಎಬ್ಬಿಸಿ ಜೀಪಿಗೆ ಹತ್ತಿಸಿದ.

* * *

ಹೊಂಡಕ್ಕೆ ಮಣ್ಣು ಹಾಕಿದರು. ಆ ನೂರು ಹೆಜ್ಜೆಯ ಡಾಂಬರನ್ನು ಕೆರೆದು ಹೊಸದು ಹಾಸಿದರು. ಅಫ್ಜಲ ಲಾರಿ ತೆಗೆದುಕೊಂಡು ಹೋದ. ಹೆದ್ದಾರಿಯಲ್ಲೇ ಹೋಗುತ್ತೇನೆ, ಆ ಕಡೆ ಮಾತ್ರ ಇನ್ನು ಬರುವುದಿಲ್ಲ ಎಂದ.

ಮುಂದಿನ ಅಮಾವಾಸ್ಯೆಗೆ ಇನ್ನೂ ವಾರವಿರುವಾಗ ಅಮೀನಸಾಬ ಠಾಣೆಗೆ ಬಂದ. ಶೀಲಾ ಕುರ್ಚಿ ಕೊಟ್ಟಳು. ಅವನು ಅಂಚಿಗೆ ಕುಳಿತ.

"ಅವತ್ತ ಆಕಿ ಲಗೂನ ಹೊಂಟಿದ್ಲರಿ ಬೇಟಾ. ಗಾಡಿ ಚಾಲೂ ಮಾಡಿದ್ಲು. ನಾನಽ ತಡದೆ. ಚಹಾ ಕುಡದ ಹೋಗವ್ವಾ ಅಂದೆ. ಹಾಲ ಇರಲಿಲ್ಲ, ತಂದು ಮಾಡೋತನಕ ಕಾಲು ತಾಸ ಆತು." ಅವನು ತಲೆ ಎತ್ತಿದ. "ತಡೀದಿದ್ರ ದಾಟಿ ಹೋಗ್ತಿದ್ಲೇನ್ರಿ?"

ಶ್ರೀಶೈಲನ ಹೇಳಿಕೆ ಶೀಲಾಳ ಮೇಜಿನ ಮೇಲೇ ಇತ್ತು. ನೀರು ಬಿಟ್ಟದ್ದು ಆರು ಹತ್ತಕ್ಕೆ. ಅವಳು ಬಿದ್ದದ್ದು ಆರು ಇಪ್ಪತ್ತರ ಸುಮಾರಿಗೆ. ಕಾಲು ಗಂಟೆ ಮೊದಲು ಆ ರಸ್ತೆ ಒಣಗಿತ್ತು.

"ಇಲ್ಲ ಚಾಚಾ" ಎಂದಳು ಶೀಲಾ. "ನೀರು ಐದೂವರಿಗೇ ಬಿಟ್ಟಿದ್ದ. ಯಾವಾಗ ಹೋಗಿದ್ರೂ ಅಷ್ಟಽ."

ಅಮೀನಸಾಬ ಅವಳ ಮುಖವನ್ನೇ ನೋಡಿದ. ಆಮೇಲೆ ನಿಧಾನವಾಗಿ ಎದ್ದು, ತಲೆಬಾಗಿ, ಹೊರಗೆ ಹೋದ. ಅವನ ನಡಿಗೆ ಬಂದಾಗಿನಷ್ಟು ಭಾರವಾಗಿರಲಿಲ್ಲ.

ಶೀಲಾ ಹೇಳಿಕೆಯ ಹಾಳೆಯನ್ನು ಮುಂದಕ್ಕೆಳೆದುಕೊಂಡಳು. ಆರು ಹತ್ತು ಎಂದು ತಾನೇ ಬರೆದುಕೊಂಡಿದ್ದ ಸಾಲು. ಇವತ್ತಲ್ಲ ನಾಳೆ ಕೋರ್ಟಿನಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಾರೆ. ಆಗ ಅಮೀನಸಾಬ ಅಲ್ಲಿ ಕುಳಿತಿರುತ್ತಾನೆ. ಕಟಕಟೆಯಲ್ಲಿ ನಿಂತು, ಅವನ ಕಡೆ ನೋಡದೆ, ಅವಳು ಅದು ಸರಿ ಎಂದು ಹೇಳಬೇಕು.