ಟವಲ್ ಹೊದಿಸಿದ ಪೆಟ್ಟಿಗೆ

ಹೂಂ ಎನ್ನುವುದಕ್ಕೆಂದೇ ಅವಳು ಅಂದು ಮೊದಲ ಸಲ ಅವನ ಮನೆಗೆ ಹೊರಟಿದ್ದಳು. ಮದುವೆಯಾಗೋಣವಾ ಎಂದು ಅವನು ಕೇಳಿ ವಾರವಾಗಿತ್ತು.

"ಜೇಡ ಸಾಕೋನ ಮನೆಗಾ? ಹುಷಾರು ಕಣೇ, ಬಲೆಗೆ ಬಿದ್ದೋರು ಎದ್ದಿದ್ದಿಲ್ಲ," ಎಂದು ಅಕ್ಕ ಛೇಡಿಸಿದ್ದಳು.

ಬಾಗಿಲು ತೆಗೆದವನ ಹೆಗಲು ಕಿವಿಯವರೆಗೆ ಏರಿತ್ತು. ಅವಳು ಫಿಸಿಯೋಥೆರಪಿಸ್ಟ್, ಲಿಫ್ಟ್ ರಿಪೇರಿ ಮಾಡುವ ಅವನ ಪರಿಚಯವಾದದ್ದೇ ಆ ಹೆಗಲಿನ ನೋವಿನಿಂದ. ಪಾಪ, ನನ್ನ ಉತ್ತರಕ್ಕೆ ಹೆದರಿದ್ದಾನೆ ಎಂದುಕೊಂಡು ಒಳಗೊಳಗೇ ಹಿಗ್ಗಿದಳು.

"ಅಲ್ಲಿ ಕೂತ್ಕೋಬೇಡ, ಒಂದ್ನಿಮಿಷ." ಸೋಫಾದ ದಿಂಬುಗಳನ್ನು ಒಂದೊಂದಾಗಿ ಎತ್ತಿ ಕೊಡವಿದ.

"ಇಷ್ಟೊಂದು ಉಪಚಾರ ಯಾಕೋ? ನಾನೇನು ಮಹಾರಾಣಿನಾ?"

ಅವನ ಮುಖ ಬಿಳಿಚಿತು. ಮಹಾರಾಣಿ ಎಂದರೆ ಅವನು ಸಾಕಿದ ಟರಾಂಟುಲಾ, ಅಂಗೈಯಗಲದ ಕೂದಲು ಜೇಡ.

ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆಗಳು. ಒಂದರಲ್ಲಿ ಚುಕ್ಕೆ ಹಲ್ಲಿ, ಇನ್ನೊಂದರಲ್ಲಿ ಒಣಕಡ್ಡಿಯಂಥ ಹುಳುಗಳು. ಮೂಲೆಯ ಪೆಟ್ಟಿಗೆಗೆ ಮಾತ್ರ ಟವಲ್ ಹೊದಿಸಿತ್ತು.

"ಮಹಾರಾಣಿ ಮಲಗಿದಾಳೆ. ಎಬ್ಬಿಸೋದು ಬೇಡ," ಎಂದ.

ಅವಳು ಕೂತಳು. ಅವನ ನೋಟ ಅವಳ ಪಾದದಿಂದ ಮಡಿಲಿಗೆ, ಮಡಿಲಿನಿಂದ ತೋಳಿಗೆ, ತೋಳಿನಿಂದ ಜಡೆಗೆ ಮೆಲ್ಲಗೆ ಏರುತ್ತಿತ್ತು. ಅವಳ ಕೆನ್ನೆ ಬಿಸಿಯಾಯಿತು. ಆದರೂ ಏನೋ ಸರಿಯಿರಲಿಲ್ಲ. ಅಷ್ಟೆಲ್ಲಾ ನೋಡಿದವನು ಅವಳ ಕಣ್ಣನ್ನು ಒಮ್ಮೆಯೂ ನೋಡಲಿಲ್ಲ.

"ಅಲ್ಲಾಡಬೇಡ," ಎಂದು ಇದ್ದಕ್ಕಿದ್ದಂತೆ ಪಿಸುಗುಟ್ಟಿದ.

ಹತ್ತಿರ ಬಂದ. ಅವನ ಉಸಿರು ಕಿವಿಗೆ ತಾಕಿತು. ಅವಳು ಕಣ್ಣು ಮುಚ್ಚಿದಳು, ಮುತ್ತಿಗಾಗಿಯೇ. ಆಗ ಕತ್ತಿನ ಹಿಂದೆ ಏನೋ ಮೆತ್ತಗೆ ಒಂದು ಕಾಲಿಟ್ಟಿತು. ಇನ್ನೊಂದು ಕಾಲು. ಮತ್ತೊಂದು.

"ಕಿರುಚಬೇಡ. ಕೆಳಗೆ ಬಿದ್ರೆ ಅದರ ಹೊಟ್ಟೆ ಒಡೆದುಹೋಗುತ್ತೆ."

ಅವಳ ಜೀವ ಬಾಯಿಗೆ ಬಂದಿತ್ತು. ಆದರೂ ಕಲ್ಲಿನ ಹಾಗೆ ಕೂತಳು. ಜೇಡ ಅವನ ಅಂಗೈ ಹತ್ತಿ, ಟವಲ್ ಸರಿಸಿದ ಖಾಲಿ ಪೆಟ್ಟಿಗೆ ಸೇರಿ, ಮುಚ್ಚಳ ಬೀಳುವವರೆಗೂ ಉಸಿರು ಬಿಡಲಿಲ್ಲ.

"ಯಾವಾಗ ತಪ್ಪಿಸ್ಕೊಂಡಿದ್ದು?"

"ಬೆಳಿಗ್ಗೆ."

"ಅಂದ್ರೆ, ಬಾ ಅಂತ ಫೋನ್ ಮಾಡಿದಾಗ ಗೊತ್ತಿತ್ತು."

"ಗೊತ್ತಿತ್ತು." ತಲೆ ತಗ್ಗಿಸಿದ. "ಹೇಳಿದ್ರೆ ನೀನು ಬರ್ತಿರ್ಲಿಲ್ಲ. ಆಮೇಲೆ ಯಾವತ್ತೂ ಬರ್ತಿರ್ಲಿಲ್ಲ."

ಅವನ ಮೇಲೆ ಅವಳಿಗೆ ಪ್ರೀತಿಯಿತ್ತು, ಆ ಕ್ಷಣದಲ್ಲೂ ಇತ್ತು, ನೋವಾದದ್ದೇ ಅದಕ್ಕೆ. ಜೇಡದ ಭಯ ಆಗಲೇ ಇಳಿಯುತ್ತಿತ್ತು. ಎಲ್ಲ ಗೊತ್ತಿದ್ದೂ ಒಳಗೆ ಕರೆದು ಕೂರಿಸಿದನಲ್ಲ, ಆ ಭಯ ಇಳಿಯಲಿಲ್ಲ.

ಬ್ಯಾಗ್ ಎತ್ತಿಕೊಂಡಳು.

"ನೀನು ಏನೋ ಹೇಳ್ಬೇಕು ಅಂದಿದ್ದೆ..." ಎಂದ ಅವನು.

"ಹೇಳಿದ್ರೂ ಬರ್ತಿದ್ದೆ ಕಣೋ," ಎಂದಳು ಬಾಗಿಲ ಬಳಿ ನಿಂತು. "ಹೆದರ್ಕೊಂಡೇ ಬರ್ತಿದ್ದೆ. ಟಾರ್ಚ್ ಹಿಡ್ಕೊಂಡು ನಿನ್ನ ಜೊತೆ ಸೋಫಾ ಕೆಳಗೆಲ್ಲಾ ಹುಡುಕ್ತಿದ್ದೆ."

ಬಾಗಿಲನ್ನು ಅವಳೇ ಎಳೆದುಕೊಂಡು ಹೋದಳು.